ನಾನು ಬರೆದ ಕೂಗು

ಮಗ್ಗದ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಇಪ್ಪತ್ತನಾಲ್ಕು ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡುವಾಗ ಕೂಗಿ ಪ್ರಯೋಜನವೂ ಇಲ್ಲ. ನೀರು ಬೇಕಾದರೆ ಹೆಬ್ಬೆರಳನ್ನು ತುಟಿಗೆ ತರುತ್ತಾರೆ. ಮಾಲೀಕರು ಬಂದರೆ ಮೀಸೆ ತಿರುವಿ ತೋರಿಸುತ್ತಾರೆ. ತೀರಾ ಆಪತ್ತಾದರೆ ತಮ್ಮ ಮಗ್ಗದ ಹ್ಯಾಂಡಲ್ ತಟ್ಟಿ ನಿಲ್ಲಿಸುತ್ತಾರೆ. ಅಷ್ಟು ಗದ್ದಲದಲ್ಲಿ ಒಂದು ಮಗ್ಗ ನಿಂತರೆ ಪಕ್ಕದವರಿಗೆ ಕಿವಿಗಿಂತ ಮೊದಲು ಪಾದಕ್ಕೆ ತಿಳಿಯುತ್ತದೆ, ನೆಲದ ನಡುಕವೇ ಬೇರೆಯಾಗುತ್ತದೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಹಗಲು ಬಾಬಿನ್ ಸುತ್ತಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಓದಿದ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬೇರೆ ಬರೆದೆ.

ಮಮತ ನನ್ನ ಅಮ್ಮನ ಪಕ್ಕದ ಮಗ್ಗದವಳು. ಗಂಡ ಭೀಮರಾಜನ ಏಟು ತಡೆಯಲಾರದೆ ಮಗಳನ್ನು ಕರೆದುಕೊಂಡು ರಾಜಘಟ್ಟದ ತವರಿಗೆ ಬಂದಿದ್ದಳು. ಅಲ್ಲಿಂದ ದಿನಾ ಕೆಲಸಕ್ಕೆ ಓಡಾಡುತ್ತಿದ್ದಳು. ಎರಡು ವರ್ಷಕ್ಕೂ ಹಿಂದೆ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಹೊತ್ತಿಗೆ, ಭೀಮರಾಜ ಶೆಡ್ಡಿನೊಳಗೇ ಬಂದ. ಮನೆಗೆ ನಡಿ ಎಂದು ಕೈಸನ್ನೆ ಮಾಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಅವಳ ಕುತ್ತಿಗೆ ಹಿಡಿದು ಮುಖವನ್ನು ಮಗ್ಗದ ಕಬ್ಬಿಣಕ್ಕೆ ಎರಡು ಸಲ ಬಡಿದ. ಬಾಯಿಂದ ರಕ್ತ ಬರುತ್ತಿರುವಾಗಲೇ ಮಮತ ಕೈ ಚಾಚಿ ಹ್ಯಾಂಡಲ್ ತಟ್ಟಿದಳು. ಮಗ್ಗ ನಿಂತಿತು. ಆದರೆ ಹ್ಯಾಂಡಲ್ ತಟ್ಟಿದರೆ ಮಗ್ಗ ಮಾತ್ರ ನಿಲ್ಲುತ್ತದೆ, ಪಕ್ಕದ ಮೋಟರ್ ನಿಲ್ಲುವುದಿಲ್ಲ, ಅದರ ಬೆಲ್ಟು ಸುತ್ತುತ್ತಲೇ ಇರುತ್ತದೆ. ಭೀಮರಾಜ ಅವಳ ಕೂದಲನ್ನು ಆ ಬೆಲ್ಟಿಗೆ ಕೊಟ್ಟ. ಬಲಗಿವಿಯ ಮೇಲಿನಿಂದ ಹಣೆಯವರೆಗೆ ತಲೆಯ ಚರ್ಮ ಬಟ್ಟೆ ಹರಿದಂತೆ ಎದ್ದು ಬಂತು. ಮಗ್ಗದುದ್ದಕ್ಕೂ ಬಿಗಿದ ಹಾಸಿನ ಬಿಳಿ ದಾರಗಳ ಮೇಲೆ ರಕ್ತ ಎಳೆ ಎಳೆಯಾಗಿ ಹರಡಿತು.

ನೋಡಿದವಳು ಅಮ್ಮ ಒಬ್ಬಳೇ. ಉಳಿದವರೆಲ್ಲ ಶೆಡ್ಡಿನ ಆಚೆ ಬದಿಯಲ್ಲಿದ್ದರು. ಕ್ಯಾಮೆರಾ ಇರಲಿಲ್ಲ. ಅವತ್ತು ಸಂಜೆ ಅಮ್ಮ ನನಗೂ ಪೊಲೀಸರಿಗೂ ಹೇಳಿದ್ದು ಇಷ್ಟು: "ಮಗ್ಗ ನಿಂತಂಗಾಯ್ತು. ತಿರುಗಿ ನೋಡ್ದೆ. ಕೂದ್ಲು ಬೆಲ್ಟಲ್ಲಿತ್ತು, ಅವ್ನ್ ಕೈ ಮೇಲಿತ್ತು. ಓಡ್ಹೋಗಿ ಮೇನ್ ಸ್ವಿಚ್ ಎಳ್ದೆ."

ಕೊಲೆ ಯತ್ನದ ಕೇಸಾಯಿತು. ಭೀಮರಾಜ ಜಾಮೀನಿನ ಮೇಲೆ ಹೊರಬಂದು ಬೇರೆಯದೇ ಕಥೆ ಹೇಳಿದ. ಮಗ್ಗ ಓಡುತ್ತಿತ್ತಂತೆ, ಬಾಗಿ ಕೆಲಸ ಮಾಡುವಾಗ ಅವಳ ಜಡೆ ತಾನಾಗಿ ಸಿಕ್ಕಿಕೊಂಡಿತಂತೆ, ಇವನು ಬಿಡಿಸಲು ಹೋದನಂತೆ. ಇಂಥ ಅಪಘಾತ ನಮ್ಮೂರಿನಲ್ಲಿ ಆಗದ್ದೇನಲ್ಲ. ಹಾಗಾಗಿ ಇಡೀ ಕೇಸು ಒಂದೇ ಮಾತಿನ ಮೇಲೆ ನಿಂತಿತು. ಕೂದಲು ಬೆಲ್ಟಿಗೆ ಹೋಗುವ ಮೊದಲೇ ಮಗ್ಗ ನಿಂತಿತ್ತೋ ಇಲ್ಲವೋ? ಅವಳೇ ಮೊದಲು ಮಗ್ಗ ನಿಲ್ಲಿಸಿದ್ದರೆ, ಓಡುವ ಮಗ್ಗದಲ್ಲಿ ಕೆಲಸ ಮಾಡುವಾಗ ಜಡೆ ಸಿಕ್ಕಿತೆಂಬ ಅವನ ಕಥೆ ನಿಲ್ಲುವುದಿಲ್ಲ.

ನಾನು ಆಗ ಬೆಂಗಳೂರಿನಲ್ಲಿ ಒಂದು ಕ್ರೈಂ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದ ಮೂವರಲ್ಲಿ ಒಬ್ಬಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದೆ. ಕೆಲಸ ಯಾವಾಗ ಹೋಗುತ್ತದೋ ಎಂಬ ಭಯದಲ್ಲೇ ಬರೆಯುತ್ತಿದ್ದೆ. ಹೊಸ ಕಥೆ ಕೊಡಿ ಎಂದಾಗ ಮಮತಳನ್ನು ಕೇಳಿದೆ. "ಬರ್ಕೊಳೇ, ಹೆಸ್ರು ಮಾತ್ರ ಬದ್ಲಾಯ್ಸು" ಅಂದಳು. ಅಷ್ಟು ಹೊತ್ತಿಗೆ ಅವಳು ಅದೇ ಮಗ್ಗಕ್ಕೆ ವಾಪಸು ಬಂದಿದ್ದಳು. ಮೊದಲಿಗಿಂತ ಹೆಚ್ಚು ನಗುತ್ತಿದ್ದಳು. ಎಲ್ಲದಕ್ಕೂ ನಗುತ್ತಿದ್ದಳು. ಒಂದು ದಿನ ಮಾತ್ರ, ಸೊಂಟದವರೆಗೆ ಬರುತ್ತಿದ್ದ ಮಗಳ ಕೂದಲನ್ನು ತಾನೇ ಕತ್ತರಿ ಹಾಕಿ ಗಂಡುಹುಡುಗರ ಹಾಗೆ ಕತ್ತರಿಸಿಬಿಟ್ಟಿದ್ದಳು. ಮಗು ಅತ್ತರೂ ನಗುತ್ತಲೇ ಕತ್ತರಿಸಿದಳಂತೆ.

ಇದನ್ನೆಲ್ಲ ಇದ್ದ ಹಾಗೆ ಬರೆದುಕೊಂಡು ಹೋದೆ. ನಿರ್ದೇಶಕ ವೇಣುಗೋಪಾಲ್ ಓದಿ ಕಾಗದ ಮೇಜಿನ ಮೇಲಿಟ್ಟರು.

"ಏನ್ರೀ ಸಂಘಮಿತ್ರ, ನಿಮ್ ಹೀರೋಯಿನ್ನು ಬಾಯೇ ಬಿಡಲ್ವಲ್ಲ! ಗಂಡ ಕೊಲ್ತಾ ಇದಾನೆ, ಇವ್ಳು ಹ್ಯಾಂಡಲ್ ತಟ್ಕೊಂಡ್ ನಿಂತಿದಾಳೆ."

"ಅಲ್ಲಿ ಕೂಗಿದ್ರೆ ಕೇಳ್ಸಲ್ಲ ಸಾರ್."

"ಟೀವೀಲಿ ಕೇಳ್ಸುತ್ತೆ. ಮಗ್ಗದ ಸೌಂಡ್ ನಾವ್ ಕಮ್ಮಿ ಮಾಡ್ಕೋತೀವಿ. ಮಗ್ಗ ನಿಲ್ಸೋದೆಲ್ಲ ಬೇಡ, ಓಡ್ತಾ ಇರ್ಲಿ, ಫ್ರೇಮಲ್ಲಿ ಮೂವ್‌ಮೆಂಟ್ ಬೇಕು. ಇವ್ಳು ಕೂಗ್ಬೇಕು. ಆ ಪಕ್ಕದ ಹೆಂಗ್ಸು ಕೂಗು ಕೇಳಿ ಓಡ್ಬಂದು ಅವ್ನಿಗೆ ಎರಡು ಬಿಡ್ಬೇಕು. ಸ್ಟ್ರಾಂಗ್ ಲೇಡೀಸ್ ಬೇಕು ಕಣ್ರೀ ನಂಗೆ."

"ಸರಿ ಸಾರ್."

"ಆಮೇಲೆ ಇದೇನು, ನಗ್ತಾಳೆ ಅಂತ ಬರ್ದಿದೀರ? ಇಂಥದ್ದಾದ್ಮೇಲೆ ಯಾವಳ್ರೀ ನಗ್ತಾಳೆ? ಟ್ರಾಮಾ ಕಾಣ್ಬೇಕು. ಶವರ್ ಕೆಳಗೆ ಕೂತ್ಕೊಂಡು ನಡುಗ್ತಾ ಇರ್ಲಿ."

"ಅವ್ಳ ಮನೇಲಿ ಶವರ್ ಇಲ್ಲ ಸಾರ್."

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಎಲ್ಲವನ್ನೂ ತಿದ್ದಿದೆ. "ಅಕ್ಕಾ, ಕಾಪಾಡಕ್ಕಾ!" ಎಂಬ ಕೂಗು ಬರೆದದ್ದು ನಾನು. ಪಕ್ಕದ ಮಗ್ಗದ ಹೆಂಗಸು ಕಬ್ಬಿಣದ ಪೈಪು ಎತ್ತಿಕೊಂಡು ಓಡಿಬಂದು ಅವನ ಮೊಣಕೈ ಮುರಿಯುವುದನ್ನು ಬರೆದದ್ದೂ ನಾನು. ಅದನ್ನು ಬರೆಯುವಾಗ ಖುಷಿಯಾಗಿದ್ದು ಸುಳ್ಳಲ್ಲ. ಮೂಳೆ ಮುರಿಯುವ ಸದ್ದು ಇರಲಿ ಎಂದು ಬ್ರಾಕೆಟ್ಟಿನಲ್ಲಿ ಸೇರಿಸಿದ್ದೆ.

ಆ ಕಂತು ಬಂದ ದಿನ ಮಮತ ನಮ್ಮ ಮನೆಯಲ್ಲೇ ಕೂತು ನೋಡಿದಳು. "ನಾನು ಇಷ್ಟು ಬೆಳ್ಳಗಿದೀನೇನೇ? ಮುನಿವೆಂಕಟಕ್ಕ, ನೀನ್ಯಾವಾಗ ಕಲ್ತೆ ಈ ಫೈಟಿಂಗು?" ಎಂದು ಅಮ್ಮನ ತೊಡೆಗೆ ಹೊಡೆದು ಹೊಡೆದು ನಕ್ಕಳು. ಅಮ್ಮ ನಗಲಿಲ್ಲ. ಟೀವಿಯಿಂದ ಕಣ್ಣು ತೆಗೆಯಲೂ ಇಲ್ಲ. ಮಾರನೆಯ ದಿನ ಅದನ್ನು ಫೋನಿನಲ್ಲಿ ಹಾಕಿಕೊಡು ಎಂದಳು. ಆಮೇಲೆ ಸೊಪ್ಪು ಬಿಡಿಸುವಾಗ, ಅನ್ನ ಕುದಿಯುವಾಗ, ಯಾರಾದರೂ ನೆಂಟರು ಬಂದಾಗ ಅದೇ. "ಇದು ನಾನೇ ಕಣಮ್ಮ. ನನ್ ಮಗ್ಳೇ ಬರ್ದಿರೋದು" ಎಂದು ಪೈಪು ಎತ್ತುವ ಜಾಗಕ್ಕೆ ಬೆರಳಿಂದ ಎಳೆದು ತೋರಿಸುವಳು. ನನಗೆ ಹೆಮ್ಮೆಯಾಗುತ್ತಿತ್ತು. ಅಮ್ಮ ನನ್ನ ಬರಹವನ್ನು ಮೆಚ್ಚಿದ್ದು ಅದೇ ಮೊದಲು.

ಅದಾದ ಎಂಟು ತಿಂಗಳಿಗೆ ಅಮ್ಮನ ಸಾಕ್ಷಿಯ ದಿನ ಬಂತು. ಭೀಮರಾಜನ ವಕೀಲ ಶ್ರೀಧರ್ ದನಿ ಏರಿಸುವವರಲ್ಲ. ನಗುನಗುತ್ತಲೇ ಕೇಳಿದರು.

"ಅಮ್ಮ, ನೀವು ತಿರುಗಿ ನೋಡಿದ್ದು ಯಾಕೆ?"

"ಅವ್ಳು ಕೂಗ್ಕೊಂಡ್ಳು ಸ್ವಾಮಿ. ಅಕ್ಕಾ ಕಾಪಾಡಕ್ಕಾ ಅಂತ."



"ಇಪ್ಪತ್ತನಾಲ್ಕು ಮಗ್ಗ ಓಡೋವಾಗ ಕೇಳಿಸ್ತಾ?"

"ಕಿವಿಯಾರೆ ಕೇಳಿದೀನಿ."

"ಮಮತ ಅವರ ಮಗ್ಗಾನೂ ಓಡ್ತಾ ಇತ್ತಾ ಆಗ?"

ಅಮ್ಮ ಕಣ್ಣು ಮುಚ್ಚಿ ತೆರೆದಳು. ಅವಳು ಏನನ್ನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. "ಓಡ್ತಾ ಇತ್ತು ಸ್ವಾಮಿ. ಲಾಳಿ ಅತ್ಲಾಗಿಂದಿತ್ಲಾಗೆ ಹಾರ್ತಾ ಇತ್ತು. ನಾನು ಪೈಪ್ ತಗೊಂಡು ಅವ್ನ ಕೈಗೆ ಹೊಡ್ದೆ."

ಭೀಮರಾಜನ ಕೈಗೆ ಒಂದು ಗೀರೂ ಆಗಿರಲಿಲ್ಲ. ಶ್ರೀಧರ್ ಅವನನ್ನು ಬಂಧಿಸಿದಾಗ ಮಾಡಿಸಿದ್ದ ವೈದ್ಯಕೀಯ ವರದಿಯನ್ನು ನ್ಯಾಯಾಧೀಶರ ಮುಂದಿಟ್ಟು, ಉಳಿದ ಪಾಟೀಸವಾಲಿಗೆ ಮುಂದಿನ ದಿನಾಂಕ ಕೇಳಿದರು. ಹತ್ತು ದಿನ ಸಿಕ್ಕಿತು. ಹೊರಗೆ ಸರ್ಕಾರಿ ವಕೀಲರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ತಾಯಿಯವರೇ ಅವನನ್ನು ಬಿಡಿಸ್ತಾ ಇದಾರಲ್ಲಮ್ಮ" ಎಂದರು. ಕಂತಿನ ವಿಷಯ ಹೇಳಿದೆ. ಅವರು ಹಣೆ ಹಿಡಿದುಕೊಂಡರು. "ಈಗ ನೀವೇನಾದ್ರೂ ಹೇಳಿಕೊಡೋಕೆ ಹೋಗ್ಬೇಡಿ. ಅದು ಇನ್ನೂ ದೊಡ್ಡ ತಪ್ಪಾಗುತ್ತೆ."

ಭೀಮರಾಜನಿಗೆ ಹತ್ತು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ಮೂರನೆಯ ದಿನ, ಮಮತ ರಾಜಘಟ್ಟದಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ಅವಳ ಮುಂದೆ ಬೈಕು ನಿಲ್ಲಿಸಿದ. ಹಾಡುಹಗಲು. ಅಂಗಡಿಯ ಮುಂದೆ ಜನ ಕೂತಿದ್ದರು. ಅವಳನ್ನು ಗೋಡೆಗೆ ಒತ್ತಿ ಎರಡೂ ಕೈಯಲ್ಲಿ ಗಂಟಲು ಹಿಸುಕಿದ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಹೋಗಿ, ಕೂದಲಿಲ್ಲದ ಹೊಳೆಯುವ ಚರ್ಮ ಎಲ್ಲರಿಗೂ ಕಂಡಿತು.

"ಕೂಗೇ! ಟೀವೀಲಿ ಕೂಗಿದ್ಯಲ್ಲ, ಈಗ್ಲೂ ಕೂಗು! ಅರ್ಧ ತಲೆ ಬಾಕಿ ಐತೆ ಕಣೇ ನಿಂದು!"

ನಾಲ್ಕು ಜನ ಸೇರಿ ಬಿಡಿಸುವ ಹೊತ್ತಿಗೆ ಅವಳ ಕಣ್ಣಿನ ಬಿಳಿಯಲ್ಲಿ ರಕ್ತ ಇಳಿದಿತ್ತು. ಬೈಲಪ್ಪ ಎಂಬ ಮುದುಕರು ದೊಣ್ಣೆಯಿಂದ ಅವನ ಬೆನ್ನಿಗೆ ಬಾರಿಸಿದ ಮೇಲೆಯೇ ಅವನು ಕೈ ಬಿಟ್ಟದ್ದು. ಠಾಣೆಯಲ್ಲಿ ದೂರು ಬರೆದುಕೊಂಡರು. ಅಷ್ಟರಲ್ಲಿ ಅವನು ಊರು ಬಿಟ್ಟು ತಲೆಮರೆಸಿಕೊಂಡಿದ್ದ.

ಅವತ್ತು ಸಂಜೆ ಮಮತಳನ್ನು ನೋಡಲು ಹೋದೆವು. ಕತ್ತಿನ ಮೇಲೆ ಎಂಟು ಬೆರಳು ನೀಲಿಗಟ್ಟಿದ್ದವು. ಅವಳ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಆ ಗಾಳಿಯಲ್ಲೂ ನಗುತ್ತಲೇ ಅಮ್ಮನನ್ನು ಕೇಳಿದಳು. "ನಾನು ಕೂಗಿದ್ನಾ ಅಕ್ಕಾ? ನಂಗೇ ಗೊತ್ತಿಲ್ವಲ್ಲ. ಮಗ್ಗ ನಿಲ್ಸಿದ್ದು ಗೊತ್ತು. ನೀನು ಓಡ್ತಾ ಇತ್ತು ಅಂದ್ಬಿಟ್ಯಲ್ಲ."

"ಕೂಗ್ದೆ ಕಣೆ. ನನ್ ಕಿವೀಲಿ ಇನ್ನೂ ಐತೆ" ಎಂದಳು ಅಮ್ಮ.

ದಾರಿಯಲ್ಲಿ ನಾನು ತಡೆಯಲಾರದೆ, "ಅಮ್ಮಾ, ಆ ಕೂಗು ನಾನು ಬರ್ದಿದ್ದು" ಅಂದೆ. ಅಮ್ಮ ನನ್ನ ಕಡೆ ತಿರುಗಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ನೀನೇನು ಅಲ್ಲಿದ್ಯಾ? ನಾಲ್ಕಕ್ಷರ ಕಲ್ತ್ಬಿಟ್ಟು ನಾನ್ ಕೇಳಿದ್ದನ್ನೂ ನೀನೇ ಬರ್ದೆ ಅಂತೀಯಾ? ಮುಚ್ಕೊಂಡ್ ನಡಿ."

ನಾಲ್ಕು ದಿನ ಯೋಚಿಸಿದೆ. ಹೇಳಿಕೊಡಬಾರದು, ಸರಿ. ಹೇಳಿಕೊಡದೆ ಸುಮ್ಮನಿದ್ದರೆ ಅವನು ಬಿಡುಗಡೆಯಾಗಿ ಬಂದು ಉಳಿದರ್ಧವನ್ನೂ ಮುಗಿಸುತ್ತಾನೆ. ನಾನು ಮಾಡಲು ಹೊರಟಿರುವುದು ಹೇಳಿಕೊಡುವುದೋ ಅಲ್ಲವೋ ಎಂದು ಕಾನೂನು ಬಲ್ಲ ಯಾರನ್ನಾದರೂ ಕೇಳಬೇಕಿತ್ತು. ಬೇಡ ಅಂದುಬಿಡುತ್ತಾರೆಂಬ ಹೆದರಿಕೆಗೆ ಕೇಳಲಿಲ್ಲ. ಅದು ಸರಿಯಾಯಿತೇ ಎಂದು ಈಗಲೂ ನನಗೆ ಗೊತ್ತಿಲ್ಲ.

ಐದನೆಯ ದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಶೆಡ್ಡಿಗೆ ಹೋದೆ. ಎಲ್ಲ ಮಗ್ಗಗಳೂ ಓಡುತ್ತಿದ್ದವು. ಮಮತಳ ಜಾಗದಲ್ಲಿ ಬೇರೆ ಯಾರೋ ಇದ್ದರು. ಅಮ್ಮ ನನಗೆ ಬೆನ್ನು ಹಾಕಿ ತುಂಡಾದ ಎಳೆ ಗಂಟು ಹಾಕುತ್ತಿದ್ದಳು. ಮೂರು ಹೆಜ್ಜೆ ಹಿಂದೆ, ಅವಳ ನೆರಳು ತುಳಿಯುವಷ್ಟು ಹತ್ತಿರ ನಿಂತು, ಬಾಯಿ ತೆರೆದು ಕೂಗಿದೆ.

"ಅಕ್ಕಾ, ಕಾಪಾಡಕ್ಕಾ!"

ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಅಮ್ಮಾ ಎಂದು ಕೂಗಿದೆ. ಕತ್ತಿನ ನರ ಹುರಿಗಟ್ಟಿತು. ಬಾಯಲ್ಲಿ ಉಪ್ಪಿನ ರುಚಿ ಬಂತು. ನನ್ನನ್ನು ಹೆತ್ತವಳು, ನಿದ್ದೆಯಲ್ಲಿ ನಾನು ಕೆಮ್ಮಿದರೆ ಎದ್ದು ಕೂರುವವಳು, ಗಂಟು ಹಾಕಿ ಎಳೆಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ಮುಂದಿನ ಎಳೆಗೆ ಕೈ ಹಾಕಿದಳು. ಆಚೆಯಿಂದ ಶೆಡ್ಡಿನ ಮಾಲೀಕ ಜವರಪ್ಪ ನನ್ನ ತೆರೆದ ಬಾಯಿ ನೋಡಿ, ಹುಚ್ಚು ಹಿಡಿಯಿತೇ ಎಂದು ಕೈ ತಿರುಗಿಸುತ್ತಾ ಓಡಿಬಂದರು. ಅವರ ಮುಖ ಕಂಡು ಅಮ್ಮ ತಿರುಗಿದಳು. ನಾನು ಇನ್ನೂ ಕೂಗುತ್ತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಮ್ಮ ನನ್ನ ತುಟಿಗಳನ್ನು ಓದಿದಳು. ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿದವಳಿಗೆ ಅದು ಕಷ್ಟವಲ್ಲ. ಅವಳ ಮುಖದಿಂದ ಬಣ್ಣ ಇಳಿಯುವುದನ್ನು ನೋಡಿದೆ. ತಿರುಗಿ ಮಗ್ಗದ ಕಡೆ ಬಾಗಿದಳು. ಅವತ್ತಿನಿಂದ ಕೋರ್ಟಿನ ದಿನದವರೆಗೂ ನನ್ನ ಜೊತೆ ಮಾತಾಡಲಿಲ್ಲ. ಫೋನಿನಲ್ಲಿ ಆ ಕಂತನ್ನೂ ಮತ್ತೆ ಹಾಕಲಿಲ್ಲ.

ಕೋರ್ಟಿನಲ್ಲಿ ಶ್ರೀಧರ್ ಅದೇ ನಗುವಿನಿಂದ ಎದ್ದರು. ಆ ಬೆಳಿಗ್ಗೆ ಶರಣಾಗಿದ್ದ ಭೀಮರಾಜ ಇಬ್ಬರು ಪೇದೆಗಳ ನಡುವೆ ನಿಂತಿದ್ದ. ಮಮತ ನನ್ನ ಪಕ್ಕದಲ್ಲಿದ್ದಳು.

"ಅಮ್ಮ, ಹೋದ ಸಲ ಕೂಗು ಕೇಳಿ ತಿರುಗಿದೆ ಅಂದ್ರಿ. ಸರೀನಾ?"

"ಸರಿಯಲ್ಲ ಸ್ವಾಮಿ."

ಶ್ರೀಧರ್ ಅವರ ನಗು ನಿಂತಿತು. "ಹಾಗಾದ್ರೆ ಸುಳ್ಳು ಹೇಳಿದ್ರಾ?"

"ಸುಳ್ಳು ಅಂತ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಕೂಗು ಕೇಳ್ಸಿದ್ದು ಕೊನೇಲಿ. ನಾನು ಮೇನ್ ಸ್ವಿಚ್ ಎಳೆದ್ಮೇಲೆ ಎಲ್ಲಾ ಮಗ್ಗ ನಿಂತ್ವು ನೋಡಿ, ಆಗ ಕೇಳ್ಸ್ತು. ಅವ್ಳು ಅಷ್ಟೊತ್ತೂ ಕೂಗ್ತಾನೇ ಇದ್ಲು ಅನ್ಸುತ್ತೆ."

"ಯಾರು ಹೇಳ್ಕೊಟ್ರು ಇದನ್ನ? ಅಲ್ಲಿ ಕೂತಿರೋ ನಿಮ್ಮ ಮಗಳಾ?"

"ಮಗ್ಳು ಹೇಳ್ಕೊಡ್ಲಿಲ್ಲ. ನನ್ ಹಿಂದೆ ನಿಂತು ಗಂಟ್ಲು ಹರ್ಯಂಗೆ ಕೂಗಿದ್ಲು. ನಂಗೆ ಕೇಳ್ಸಲಿಲ್ಲ."

ನ್ಯಾಯಾಧೀಶರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಪೇದೆ ಕೂರಿಸಿದ.

"ಸರಿ, ನೋಡಿದ್ದನ್ನ ಹೇಳಿ" ಎಂದು ನ್ಯಾಯಾಧೀಶರೇ ಅಮ್ಮನಿಗೆ ಹೇಳಿದರು.

ಅಮ್ಮ ಕಟಕಟೆಯ ಮರವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಮಗ್ಗ ನಿಂತಿದ್ದು ಕಾಲಿಗೆ ಗೊತ್ತಾಯ್ತು. ತಿರುಗ್ದೆ. ಆಗಿನ್ನೂ ಕೂದ್ಲು ಬೆಲ್ಟಿಗೆ ಹೋಗಿರ್ಲಿಲ್ಲ ಸ್ವಾಮಿ. ತುರುಬು ಕಟ್ಟಿತ್ತು, ಕ್ಲಿಪ್ ಹಾಕಿತ್ತು. ಅವ್ನು ಅವ್ಳ ಮುಖ ಒತ್ತಿಹಿಡ್ಕೊಂಡು, ಒಂದ್ ಕೈಲಿ ಕ್ಲಿಪ್ ತೆಗ್ದ. ತೆಗ್ದು ಕೆಳಕ್ಕೆ ಹಾಕ್ದ. ತುರುಬು ಬಿಚ್ಚಿ, ಕೂದಲ್ನ ಒಂದೇ ಹಿಡಿ ಮಾಡ್ಕೊಂಡ. ತುದೀನ ಬೆಲ್ಟಿಗೆ ಇಟ್ಟ. ಅವಸರ ಮಾಡ್ಲಿಲ್ಲ. ದೀಪಕ್ಕೆ ಬತ್ತಿ ಇಡೋ ಹಂಗೆ ಇಟ್ಟ."

ಮಮತ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿಮಾಡಿಕೊಂಡಳು.

ಶ್ರೀಧರ್ ಒಂದು ಹೆಜ್ಜೆ ಮುಂದೆ ಬಂದರು. ಈಗ ದನಿ ಏರಿತ್ತು. "ಪೊಲೀಸರ ಮುಂದೆ ಇದ್ಯಾವುದನ್ನೂ ಹೇಳಿಲ್ಲ! ಕ್ಲಿಪ್ಪಿಲ್ಲ, ತುರುಬಿಲ್ಲ! ಇಷ್ಟೆಲ್ಲ ನೋಡೋ ತನಕ ನೀವೇನ್ ಮಾಡ್ತಿದ್ರಿ?"

"ನಿಂತಿದ್ದೆ."

"ಏನು?"

"ನೋಡ್ತಾ ನಿಂತಿದ್ದೆ ಸ್ವಾಮಿ. ಕಾಲು ಬರ್ಲಿಲ್ಲ. ಅವ್ನು ನನ್ನೂ ನೋಡ್ದ. ನಂಗೂ ಕೂದ್ಲಿತ್ತು. ಪೊಲೀಸ್ನೋರಿಗೆ ಕ್ಲಿಪ್ ತೆಗ್ದ ಅಂದ್ರೆ, ಅಲ್ಲೀವರ್ಗೂ ನೀನೇನ್ ಮಾಡ್ತಿದ್ದೆ ಅಂತ ಕೇಳ್ತಿದ್ರು. ನೀವೀಗ ಕೇಳಿದ್ರಲ್ಲ, ಹಂಗೆ." ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಟೀವೀಲಿ ನಾನು ಓಡ್ಹೋಗ್ತೀನಿ. ಪೈಪ್ ತಗೊಂಡು ಹೊಡೀತೀನಿ. ಅದ್ನೇ ನೋಡಿ ನೋಡಿ ಹಂಗೇ ಮಾಡ್ದೆ ಅನ್ಕೊಂಡ್ಬಿಟ್ಟೆ. ಮಾಡ್ಲಿಲ್ಲ."

ಸರ್ಕಾರಿ ವಕೀಲರು ಕಡತ ತಿರುವಿ ಎದ್ದರು. ಸ್ಥಳ ಮಹಜರಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಕ್ಲಿಪ್ ದಾಖಲಾಗಿತ್ತು. ಮೋಟರಿನ ಹತ್ತಿರವಲ್ಲ, ಹ್ಯಾಂಡಲಿನ ಕೆಳಗೆ ಬಿದ್ದಿತ್ತು. ಒಂದು ಹಲ್ಲೂ ಮುರಿದಿರಲಿಲ್ಲ. ಎರಡು ವರ್ಷದಿಂದ ಅದು ಅಲ್ಲಿ ಯಾಕಿತ್ತೆಂದು ಯಾರೂ ಕೇಳಿರಲಿಲ್ಲ. ಬೆಲ್ಟು ಎಳೆದುಕೊಂಡಿದ್ದರೆ ಅದು ಪುಡಿಯಾಗಬೇಕಿತ್ತು. ಮೂರು ತಿಂಗಳ ಮೇಲೆ ಭೀಮರಾಜನಿಗೆ ಏಳು ವರ್ಷ ಶಿಕ್ಷೆಯಾದಾಗ, ತನ್ನ ಹೇಡಿತನವನ್ನು ತಾನೇ ಒಪ್ಪಿಕೊಂಡ ಸಾಕ್ಷಿಯನ್ನು ನಂಬದಿರಲು ಕಾರಣವಿಲ್ಲ ಎಂದು ತೀರ್ಪಿನಲ್ಲಿ ಬರೆದಿದ್ದರು. ಆದರೆ ಅವತ್ತು ನಮಗೆ ಅದಾವುದೂ ಗೊತ್ತಿರಲಿಲ್ಲ.

ಅಮ್ಮ ಕಟಕಟೆ ಇಳಿದು ಹೊರಗೆ ಬಂದಳು. ಹೇಳಿಕೆಗೆ ಸಹಿ ಹಾಕಲು ಕರೆಯುತ್ತಾರೆ, ಕಾದಿರಿ ಎಂದಿದ್ದರು. ಮಮತ ಹಿಂದೆಯೇ ಬಂದು ಅಮ್ಮನ ಎದುರು ನಿಂತಳು. ಗಂಟಲು ಇನ್ನೂ ಸರಿಯಾಗಿರಲಿಲ್ಲ.

"ಎಷ್ಟೊತ್ತು ನಿಂತಿದ್ದೆ?"

"ಹೇಳ್ದ್ನಲ್ಲ ಮಮತ."

"ಅವ್ರಿಗೆ ಹೇಳ್ದೆ. ನಂಗೆ ಹೇಳು."

"ಚರ್ಮ ಏಳೋವರ್ಗೂ" ಅಂದಳು ಅಮ್ಮ.

ಮಮತ ಹೊಡೆದಳು. ಅಂಗೈ ಪೂರ್ತಿ ಬಿಚ್ಚಿ ಹೊಡೆದ ಏಟಿಗೆ ಅಮ್ಮನ ತಲೆ ಗೋಡೆಗೆ ಬಡಿಯಿತು. ಕನ್ನಡಕ ಹಾರಿ ಮೆಟ್ಟಿಲ ಮೇಲೆ ಬಿತ್ತು. ನಾನು ಮಧ್ಯೆ ಹೋದರೆ ಅಮ್ಮನೇ ನನ್ನನ್ನು ಮೊಣಕೈಯಿಂದ ದೂಡಿದಳು. ಎರಡನೆಯ ಏಟು ತುಟಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಪೇದೆ ಹಿಡಿದ. "ಬುಡಪ್ಪಾ, ನಮ್ಮ್ ನಮ್ಮಲ್ಲಿ ಇರೋದು" ಎಂದಳು ಅಮ್ಮ, ತುಟಿಯ ರಕ್ತ ನುಂಗುತ್ತ.

"ಎರಡು ವರ್ಷ ನನ್ ಊಟದ್ ಡಬ್ಬೀಲಿ ಕೈ ಹಾಕಿ ಉಂಡ್ಯಲ್ಲಕ್ಕಾ" ಎಂದಳು ಮಮತ. ಅವಳು ನಗುತ್ತಿರಲಿಲ್ಲ. ಆ ಘಟನೆಯಾದ ಮೇಲೆ ಅವಳು ನಗದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗಿನಿಂದ ಮುನಿವೆಂಕಟಮ್ಮ ಎಂದು ಕರೆದರು. ಅಮ್ಮ ಹೋದಳು. ಗುಮಾಸ್ತರು ಹೇಳಿಕೆಯನ್ನು ಓದಿ ಹೇಳತೊಡಗಿದರು. ಮಧ್ಯದಲ್ಲಿ ಅಮ್ಮನ ಊದಿದ ಕೆನ್ನೆ ನೋಡಿ ನಿಲ್ಲಿಸಿದರು. "ಓದಿ ಸ್ವಾಮಿ" ಅಂದಳು. ಅವರು ಓದಿದರು: "ನಾನು ಭಯದಿಂದ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ."

"ಸ್ವಲ್ಪ ಹೊತ್ತಲ್ಲ" ಎಂದಳು ಅಮ್ಮ. "ತಿದ್ದಿ. ಚರ್ಮ ಏಳೋವರ್ಗೂ ಅಂತ ಬರೀರಿ."

ಗುಮಾಸ್ತರು ನ್ಯಾಯಾಧೀಶರ ಕಡೆ ನೋಡಿದರು. ಅವರು ಹೂಂ ಎಂದರು. ಬಾಗಿಲಿಗೆ ಒರಗಿ ಮಮತ ಕೇಳಿಸಿಕೊಳ್ಳುತ್ತಿದ್ದಳು. ತಿದ್ದಿ ಮುಗಿಯುವವರೆಗೂ ಅಮ್ಮ ಪೆನ್ನು ಮುಟ್ಟಲಿಲ್ಲ. ಮುಗಿದ ಮೇಲೆ, ಕನ್ನಡಕವಿಲ್ಲದ ಕಣ್ಣನ್ನು ಕಾಗದಕ್ಕೆ ತಾಗುವಷ್ಟು ಹತ್ತಿರ ತಂದು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.